ಸೆಕೆಂಡ್ ಮಾಲು

ಸೋಲಾಪುರದಾಗ, ಅಕ್ಕಲಕೋಟ ರೋಡಿನ ಆಚಿ ಬಾಜು,
ಕೆಳಗ ಎಂಟು ಮಗ್ಗ, ಮ್ಯಾಲ ನಾವು.
ಮಗ್ಗ ನಡದಾಗ ಮನೀನೂ ನಡೀತದ:
ಫಳಿ ಮ್ಯಾಲಿನ ಚರಿಗಿ ತಾನ ಸರದ ಸರದ
ಅಂಚಿಗೆ ಬರ್ತದ, ಮಹಾನಂದಾ ಹಿಂದಕ್ಕ ನೂಕತಾಳ.
ಮಾತು ಅಂದ್ರ ನಮ್ಮಲ್ಲಿ ಚೀರೂದು.
ಉಪ್ಪು ಬೇಕಂದ್ರೂ ಚೀರೂದು, ಮುದ್ದು ಮಾಡಿದ್ರೂ ಚೀರೂದು.
ನನ್ನ ಬಲಗಿವಿ ಹೋಗಿ ಮೂರು ವರ್ಷಾತು;
ಎಡಗಿವಿ ಅರ್ಧ ಕೂಲಿ ಮ್ಯಾಲ ಕೆಲಸಕ್ಕದ.

ಮೊನ್ನೆ ಮಂಗಳವಾರ ಸಂಜೀಮುಂದ
ಮೂಲಿಯ ಡಿಪಿ ಢಂ ಅಂತ ಹಾರಿತು.
'ಲೈಟ್ ಗೇಲಿ!' ಅಂತ ಓಣಿ ಹುಡುಗೂರ ಮರಾಠಿ ಕೇಕಿ.
ಎಂಟೂ ಮಗ್ಗ ಒಮ್ಮೆಲೆ ಉಸರ ಹಿಡದ ನಿಂತ್ವು,
ಲಾಟಿ ಅರ್ಧ ದಾರ್ಯಾಗ.
ನನ್ನ ಬಾಯಾಗ ಬೈಗಳ:
ಪೀಸಿನ ಮ್ಯಾಲ ಪಗಾರ, ನಿಂತ ಮಗ್ಗ ರೊಟ್ಟಿ ಹಾಕಂಗಿಲ್ಲ.
ಮಾಲಕನ ಬಾಯಾಗ ಅದಕ್ಕಿಂತ ದೊಡ್ಡ ಬೈಗಳ.

ರೆಪ್ಪಿ ಮ್ಯಾಲಿನ ಹತ್ತಿ ಜಾಡಿಸಿ ಪಾವಟಿಗಿ ಏರಿದೆ.
ಹೊಸ್ತಿಲಾಗ ನಿಂತೆ.

ಮೊದಲ ಕೇಳಿಸಿದ್ದು ಗಡಿಯಾರ.
ಅದು ಸಪ್ಪಳ ಮಾಡ್ತದಂತ ನನಗ ಗೊತ್ತ ಇರಲಿಲ್ಲ.
ಆಮ್ಯಾಲ ಮಹಾನಂದಾ, ಟವೆಲ್ಲಿನ ಅಂಚು ಹೊಲದು
ಹಲ್ಲಿಲೆ ದಾರ ಕಡದ ಟಕ್.
ಆಮ್ಯಾಲ ಸಿದ್ಧಿ.

ಕತ್ತಲಾಗ ತಮ್ಮಗ ಲೆಕ್ಕ ಕಲಸಲತ್ತಿದ್ದಳು.
ಎರಡನೇ ಇಯತ್ತೆ ಅಕಿ, ಮರಾಠಿ ಸಾಲಿ;
ಓಂಕಾರಗ ಇನ್ನೂ ಸಾಲೀನೂ ಇಲ್ಲ, ಭಾಷೆನೂ ಇಲ್ಲ.
'ಒಂದ, ಎರಡ, ಮೂರ...'
ಅಷ್ಟಕ್ಕ ತಡದು, 'ನಾಕ!' ಅಂತ ಅವನ ಮೂಗು ಹಿಡದಳು.
'ಸಾಲ್ಯಾಗ ಬಾಯಿ ಹೇಳ್ಯಾರ, ನಾಕ ಅಂದ್ರ ಮೂಗು.
ಅಪ್ಪ ಹೇಳ್ಯಾನ, ನಾಕ ಅಂದ್ರ ನಾಕ.
ಹಂಗಾರ ನೋಡು, ನಿಂದೊಂದ, ನಂದೊಂದ, ಅವ್ವಂದ, ಅಪ್ಪಂದ.
ನಮ್ಮ ಮನ್ಯಾಗ ನಾಕ ನಾಕ!'

ಹುಡುಗ ನಕ್ಕ.
ನೆಗಡಿ ಕಟ್ಟಿದ ಮೂಗಿನ ನಗಿ,
ಸಣ್ಣ ಬಾಯಿ ತತ್ರಾಣಿ ನೀರಾಗ ಮುಳುಗಿಸಿದಂಗ.
ಅಂವ ನಗೂದು ನೋಡಿದ್ದೆ, ಕೇಳಿರಲಿಲ್ಲ.

ಕೆಮ್ಮಲಿಲ್ಲ. ಒಳಗ ಹೋಗಲಿಲ್ಲ.
ಚಪ್ಪಲಿ ಕಿರ್ ಅಂದೀತಂತ ಒಂದ ಕಾಲ ಮ್ಯಾಲ ನಿಂತೆ.
ಹೊರಗ ವಾಯರಮನ್ ಕಂಬ ಹತ್ತಲತ್ತಿದ್ದ.
ಸಾವಕಾಶ ತಮ್ಮಾ,
ಇಕ್ಕಳ ಜಾರಲಿ, ತಂತಿ ಕಡಿಮಿ ಬೀಳಲಿ,
ಕೆಳಗಿಳದು ಒಂದ ಕಪ್ ಚಾ ಕುಡಿ.
ರೊಟ್ಟಿ ಹಾಕೋ ಕರೆಂಟಿಗೆ
ನಾ ಎರಡು ಬಗದದ್ದು ಅದ ಮೊದಲು.

'ಅಪ್ಪಗ ಮೂಗು ಅದನೋ, ಹತ್ತ್ಯಾಗ ಮುಚ್ಚಿ ಹೋಗ್ಯದನೋ?'
ಸಿದ್ಧಿ ಕೇಳಿದಳು. ಮಹಾನಂದಾ ಏನೋ ಅಂದಳು,
ಭಾಳ ಸಣ್ಣಗ. ಅದೊಂದು ನನ್ನ ತನಕ ಮುಟ್ಟಲಿಲ್ಲ.
ಆಮ್ಯಾಲ ಕೇಳಿದರ,
'ಏನ ಅಂದಿದ್ನೋ, ಯಾರಿಗೆ ನೆಪ್ಪದ' ಅಂತಾಳ.

ಒಂಬತ್ತು ನಿಮಿಷೋ, ಹನ್ನೊಂದೋ.
ಗಡಿಯಾರ ಕೇಳತಿದ್ದೆ, ನೋಡಲಿಲ್ಲ.
ಲೈಟ್ ಬಂತು. ಚರಿಗಿ ಮತ್ತ ಸರೀಲತ್ತಿತು.
ನನ್ನ ಕಂಡು ಸಿದ್ಧಿ ಬಾಯಿ ತೆರದು ತೆರದು ಏನೋ ಹೇಳಿದಳು,
ನಾ ಗೋಣ ಹಾಕಿದೆ.

ಧನ್ಯವಾದ ಅನ್ನೋ ಮಾತು ನಮ್ಮ ಓಣ್ಯಾಗ
ಲಗ್ನದ ಬ್ಯಾನರಿನ ಕೆಳಗ ಅಷ್ಟ ಇರ್ತದ,
ಬಾಯಿಲೆ ಅಂದವರಿಲ್ಲ.
ಅಂದ್ರೂ ಯಾರಿಗೆ ಅನ್ನಲಿ?
ದೇವರಿಗೆ ದಿನಾ ಕೈ ಮುಗೀತೀನಿ, ಅಂವಂದು ಬ್ಯಾರೆ ಖಾತೆ.
ಇದು ಆ ಸುಟ್ಟ ಡಿಪಿಗೆ ಸಲ್ಲಬೇಕು,
ಅದರಾಗ ಹೊಕ್ಕು ಸತ್ತ ಅಳಿಲಿಗೆ.

ನಡುವ ನಿಂತ ಮಗ್ಗ ಮತ್ತ ಸುರು ಆದ್ರ
ಅರಿವಿ ಮ್ಯಾಲ ಒಂದು ಗೆರಿ ಬೀಳ್ತದ, ಕೂದಲಷ್ಟು.
ಚೆಕ್ಕರ್ ಬೆಳಕಿಗೆ ಹಿಡದು ಹುಡುಕತಾನ,
ಖಡುವಿಲೆ ಗೀಚತಾನ: ಸೆಕೆಂಡ್.
ಆ ಟವೆಲ್ ಪಗಾರದಾಗ ಮುರಿಸಿ ಮನಿಗೆ ತಂದೆ.
ಮನಿ ತುಂಬ ಟವೆಲ್ ಅವ, ಇದ್ಯಾಕ, ಅಂತ ಮಹಾನಂದಾ.
ಹೇಳಿದೆ. ಮಗ್ಗ ನಡದಿದ್ವು.
'ಹಾಂ?' ಅಂದಳು.

ಓಂಕಾರನ ನೆಗಡಿ ಇನ್ನೂ ಹೋಗಿಲ್ಲ.
ಗೆರಿ ಇದ್ದ ಕಡಿಂದನ ಸಿದ್ಧಿ
ಅವನ ನಾಕ ಒರಸಲತ್ಯಾಳ.