ಸ್ಕೇಲ ಹೊರಗಿಡ್ರಿ

ಬೆಟಗೇರಿಯಿಂದ ನಸುಕಿನ ಗಾಡಿ ಹಿಡದು
ಹುಬ್ಬಳ್ಳಿಗೆ ಬಂದೀನಿ, ಗೋಕುಲ ರೋಡಿಗೆ,
ಇದು ನಾಲ್ಕನೇ ಸಲ.
ಗೇಟಿನ್ಯಾಗ ನಿಂತಾಂವ ಅಂದ:
ಸ್ಕೇಲ ಹೊರಗಿಡ್ರಿ.

ಹನ್ನೆರಡ ಇಂಚಿನ ಕಟಿಗಿ ಸ್ಕೇಲು,
ಬಳಸಿ ಬಳಸಿ ಮೊದಲಿನ ಎರಡ ಅಂಕಿ ಅಳಿಸ್ಯಾವ.
ಕಟ್ಟಡದ ಪರೀಕ್ಷಾಕ್ಕ ಬಂದಾಕಿ
ಅಳತಿಗೋಲ ಬಿಟ್ಟು ಒಳಗ ಹೋಗಬೇಕು.
ಗಡಿಯಾರ ಬಿಚ್ಚಿದೆ, ಬಳಿ ತಗದೆ,
ತಾಳಿ ಬಗ್ಗೆ ಇಬ್ಬರೂ ಐದ ಮಿನಿಟ ವಾದಾ ಮಾಡಿದಿವಿ.
ಕಡೀಕ, ಸೆರಗಿನ್ಯಾಗ ಮುಚ್ಚಿಗೋರಿ ಅಂದ.

ಆಮ್ಯಾಲ ಹೆಸರು.
ಆಧಾರದಾಗ ಹೊಂಬಳ, ಹಾಲ್ ಟಿಕೆಟಿನ್ಯಾಗ ಹೊಂಬಾಳ.
ಇಬ್ಬರೂ ಒಬ್ಬರಽ ಏನ್ರಿ?
ಗ್ವಾಡಿ ಒಂದ ಇಂಚ ವಾರಿ ಆದ್ರ
ಗಿಲಾವಿನ್ಯಾಗ ಮುಚ್ಚತೀವಿ ನಾವು.
ಹೆಸರಿಗೆ ಎಲ್ಲಿ ಗಿಲಾವು?
ಒಂದ ದೀರ್ಘದ ಸಲುವಾಗಿ ಮುಚ್ಚಳಿಕಿ ಬರದ ಕೊಟ್ಟೆ:
ಇಂದುಮತಿ ಅನ್ನಾಕಿ ನಾನಽ ಅದೀನಿ.

ಒಳಗ ಎ.ಸಿ. ಹಲ್ಲ ಕಡಸತಿತ್ತು.
ಮೊದಲನೇ ಪ್ರಶ್ನಿ:
'ಹಿಮ ಬೀಳುವ ಪ್ರದೇಶದಲ್ಲಿ ಚಾವಣಿಯ ಇಳಿಜಾರು ಎಷ್ಟಿರಬೇಕು?'
ಮಣ್ಣಿನ ಮಾಳಿಗಿ ಮ್ಯಾಲ ಹಪ್ಪಳಾ ಕಾಯಕೋಂತ ಬೆಳದಾಕಿಗೆ
ಹಿಮಾ ಅಂದ್ರ ಫ್ರಿಜ್ಜಿನ ಮ್ಯಾಲಿನ ಖಾನೆ.
ಇಳಿಜಾರು ನನಗ ಗೊತ್ತೈತಿ:
ಮಳಿ ನೀರು ದೋಣಿಗೆ ಹರದು ಹೋಗಬೇಕು,
ಹುಡುಗರು ಇಟ್ಟ ಚಂಡು ಉಳ್ಳಿ ಹೋಗಬಾರದು.
ನಾಲ್ಕ ಉತ್ತರದಾಗ ಅದು ಇರಲಿಲ್ಲ.

ನಕಾಶಿ ತಗಿಯೂ ಪ್ರಶ್ನಿಗೆ ಬಂದಾಗ ಪರದೆ ನಿಂತಬಿಟ್ತು.
ಬಾಣ ಇದ್ದಲ್ಲೇ ಇತ್ತು,
ಮ್ಯಾಲ ಮೂಲ್ಯಾಗ ವ್ಯಾಳ್ಯಾ ಮಾತ್ರ ಓಡತಿತ್ತು.
ಕೈ ಎತ್ತಿದೆ. ನನ್ನ ಮಗನ ವಯಸ್ಸಿನ ಹುಡುಗ ಬಂದ,
ವಾಯರ ಕಿತ್ತು ಮತ್ತ ಚುಚ್ಚಿದ,
'ಹೋದ ವ್ಯಾಳ್ಯಾ ಹೊಳ್ಳಿ ಬರೂದಿಲ್ರಿ ಮೇಡಂ' ಅಂದ.
ಶಾಣ್ಯಾ.

ಹತ್ತೊಂಬತ್ತ ವರ್ಷ
ಕೊಟಬಾಗಿ ಸಾಹೇಬ್ರ ಆಫೀಸಿನ್ಯಾಗ ಗೆರಿ ಹೊಡದೀನಿ.
ಮುಳಗುಂದ ನಾಕಾ, ಹುಡಕೋ, ಕಳಸಾಪುರ ರೋಡು,
ಎಷ್ಟ ಮಂದಿ ಅಡಿಗಿಮನಿ ಕಿಟಕಿ
ನನ್ನ ಪೆನ್ಸಿಲಿನಿಂದ ತೆರದಾವೋ, ಲೆಕ್ಕ ಇಟ್ಟಿಲ್ಲ.
ಹಾಳಿ ಬಲಕ್ಕ, ಕೆಳಗ, ಮೂರ ಇಂಚ ಚೌಕ ಖಾಲಿ ಇಡತೀನಿ.
ಅಲ್ಲಿ ಅವರ ಶಿಕ್ಕಾ ಬೀಳತೈತಿ.
ಸೆಟ್‌ಬ್ಯಾಕ್ ಪ್ರಶ್ನ್ಯಾಗ ಕೇಳ್ಯಾರ,
ಎಷ್ಟ ಜಾಗಾ ಬಿಡಬೇಕು ಅಂತ.
ಬಿಡೂದು ನನಗ ಕಲಸಬ್ಯಾಡ್ರಿ.

ಕೆಂಪ ಅಕ್ಷರದಾಗ ಬಂತು: ಎರಡು ಅಂಕ ಕಡಿಮೆ.
ಆರು ತಿಂಗಳ ನಂತರ ಅರ್ಜಿ ಸಲ್ಲಿಸಿ. ಶುಲ್ಕ ಮರಳಿಸುವುದಿಲ್ಲ.
ಯಾವ ಎರಡು ಅಂತ ಹೇಳೂದಿಲ್ಲ ಇವರು.
ಮನಿ ಸೋರತೈತಿ ಅಂತ ಹೇಳಿ
ಎಲ್ಲಿ ಅಂತ ಹೇಳಲಾರದ ಹೋದಂಗ.

ಹೊರಗ ಬಂದ್ರ ಗೇಟಿನಾಂವ
ನನ್ನ ಸ್ಕೇಲ ಅಂಗಿಯೊಳಗ ಇಳಿಬಿಟ್ಟು
ಬೆನ್ನ ಕೆರಕೋಳ್ಳಾಕತ್ತಿದ್ದ.
'ಛಲೋ ಐತ್ರಿ ಇದು' ಅಂತ ವಾಪಸ್ ಕೊಟ್ಟ.

ಫೋನು. ಮೌಲಾಸಾಬ ನದಾಫ.
'ಅಕ್ಕಾರ, ಜಿನೆ ತಿರುವಿನ್ಯಾಗ ಬೀಮು ತಲಿಗೆ ಬಡೀತೈತ್ರಿ.
ಕಾಂಕ್ರೀಟ ಗಾಡಿ ಬಂದ ನಿಂತೈತಿ.'
ಕಣ್ಣ ಮುಚ್ಚಿದೆ.
ಆ ಮನಿ ಒಳಗ ಹತ್ತಿದೆ, ಒಂದು, ಎರಡು, ಏಳು,
ಹೌದು, ಬಡೀತು ತಲಿ.
'ತಿರುವು ಒಂದ ಪಾವಟಗಿ ಕೆಳಗ ತಗೋ,
ಆ ಪಾವಟಗಿ ಮ್ಯಾಲ ಕೂಡಸು.
ಎತ್ತರ ಮಾತ್ರ ಆರ ಇಂಚಽ ಇರಲಿ, ಮೌಲಾಸಾಬ,
ಆ ಮನಿ ಅಮ್ಮಗ ಮಣಕಾಲ ಬ್ಯಾನಿ ಐತಿ.'
'ಇಷ್ಟಽ?'
'ಇಷ್ಟಽ.'
ಪರೀಕ್ಷಾ ಹೆಂಗಾತು ಅಂತ ಕೇಳಲಿಲ್ಲ.
ಪರೀಕ್ಷಾ ಐತಿ ಅನ್ನೂದಽ ಅವಗ ಗೊತ್ತಿಲ್ಲ.

ಸೆರಗಿಲೆ ಸ್ಕೇಲ ಒರಿಸಿ ಚೀಲದಾಗ ಇಟ್ಟೆ.
ಸ್ಟೇಷನ್ನಿಗೆ ಹೋಗೂ ಸಿಟಿ ಬಸ್ಸು ಬಂತು.
ಕಣ್ಣಿಲೆ ಅಳದೆ ಮೊದಲನೇ ಪಾವಟಗಿ:
ಹದಿನಾಲ್ಕ ಇಂಚು, ಖರೇ ಹೇಳತೀನಿ.
ಇದನ್ನ ಯಾರ ಪಾಸ್ ಮಾಡಿದ್ರೋ!
ಸೀರಿ ಎತ್ತಿ ಹಿಡದು ಹತ್ತಿದೆ.