ಮೊದಲನೇ ಸಲಕ್ಕ

ಹಡಪ್ಸರದ ಸಂತಿಗೆ ನೀಲಿ ಕೋಟಿನವರು ಬಂದ್ರಂತ
ಮೊದಲು ಸುದ್ದಿ ಕೊಟ್ಟಾಕಿ ಬಾಳಿಹಣ್ಣಿನ ಸೊಜರಾಬಾಯಿ.
ಚೀಲದ ಕಟ್ಟು ತೊಡಿ ಕೆಳಗ ಒತ್ತಿ ಕುಂತೆ,
ತತ್ತಿ ಮ್ಯಾಲ ಕೋಳಿ ಕುಂತಂಗ.

‘ಮಾವಶಿ, ಏಳ್ರಿ’ ಅಂದ ಹುಡುಗ.
ಎದ್ದೆ.
ಚರಚರ ಸದ್ದಾತು.

ಐದು ಸಾವಿರ, ಮೊದಲನೇ ಸಲಕ್ಕ.
ಬುಟ್ಟಿ, ತಕ್ಕಡಿ, ತಲಿಮ್ಯಾಲಿನ ಛತ್ರಿ
ಎಲ್ಲಾ ಮಾರಿದ್ರೂ ಎರಡಕ್ಕ ಮುಟ್ಟೂದಿಲ್ಲ.
ಅವಗೂ ಗೊತ್ತು. ಪಾವತಿ ಪುಸ್ತಕ ಮುಚ್ಚಿ
ಕಟ್ಟಷ್ಟ ಒಯ್ದ.
ಎದುರಿನ ಅಂಗಡ್ಯಾಗ ಚಿಪ್ಸಿನ ಪಾಕೀಟು
ಮಾಲಿ ಹಂಗ ತೂಗತಿದ್ವು,
ಅವಕ್ಕ ಯಾರೂ ಏಳ್ರಿ ಅನ್ನಲಿಲ್ಲ.

ಹಂಗಂತ ನಾ ಚೀಲದ ಕಡಿಯಾಕಿ ಅಲ್ಲ.
ಹ್ವಾದ ಮಳಿಗಾಲ ಕಾಲವಿ ಕಟ್ಟಿ
ನಮ್ಮ ಓಣಿಗೆ ನೀರು ನುಗ್ಗಿದ ರಾತ್ರಿ
ಕತ್ತಲದಾಗ ಕಾಲಿಗೆ ಸುತಗೊಂಡಿದ್ದು
ಹಾವಲ್ಲ,
ನಾನ ಯಾರಿಗೋ ಕೊಟ್ಟಂಥ ಚೀಲ.

ಆದ್ರ ಬರಿಗೈಲೆ ಬರೋರು ನಿಂತಿಲ್ಲ.
‘ಚೀಲ ಇಲ್ಲಾ? ಹಂಗಾರ ಬ್ಯಾಡ.’
‘ಸೆರಗು ಒಡ್ಡವ್ವಾ’ ಅಂದ್ರ ಒಬ್ಬಾಕಿ
ತನ್ನ ಚೂಡಿದಾರ ನೋಡಿಕೊಂಡು ನಕ್ಕಳು.
ಸಂಜೀತನ ಸೊಪ್ಪು ಬಾಡಿತು, ನನ್ನ ಮಾರಿನೂ.

ಕಡೀಕ ಕಾಳಭೋರ ಮಾಸ್ತರು ಗಾಡಿ ನಿಲ್ಲಿಸಿ
ಹೆಲ್ಮೆಟ್ಟು ತಗದು, ಬೋಗುಣಿ ಹಂಗ ಮುಂದ ಹಿಡದ:
‘ಇದರಾಗ ಹಾಕು.’
ಎರಡು ಸೂಡು ಕೊತ್ತಂಬರಿ, ಆರು ನಿಂಬಿಹಣ್ಣು.
ಹಿಡಿಕೆಗೆ ಅದನ್ನ ತೂಗುಹಾಕಿ
ಬರಿದಲಿಲೆ ಹ್ವಾದ.

ಮುಂದಿನ ಚೌಕದಾಗ ಬಿಳಿ ಅಂಗಿಯವರು ನಿಂತಿರ್ತಾರ,
ಅದಕ್ಕ ಬ್ಯಾರೆ ದಂಡ.
ಕೂಗಿ ಹೇಳಬೇಕಿತ್ತು.
ಗಿರಾಕಿ ಬಂತು.