ಹನ್ನೊಂದಾದ ಮೇಲೆ ಎರಡು

ದೋಣಿಗಳು ದಡದಲ್ಲಿ ಕವುಚಿ ಬಿದ್ದಿದ್ದ ಎರಡು ತಿಂಗಳು
ಬೈತಖೋಲದ ಸಂಘದ ಕಚೇರಿಯಲ್ಲಿ ಕೂತು
ಗೆದ್ದಲು ತಿಂದುಳಿಸಿದ್ದನ್ನೆಲ್ಲ ಸ್ಕ್ಯಾನ್ ಮಾಡಿದೆ.
ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಕೇರಿಗೊಂದು,
ಕೇರಿಯೊಳಗೆ ದೋಣಿಗೊಂದು.

ವೆಬ್ ಪುಟ ಅಲಂಕರಿಸಲು ನನಗೆ ಬಾರದು.
ಸರ್ವರಿಗೆ ಇಷ್ಟೇ ಹೇಳಿದೆ: ಇದ್ದದ್ದನ್ನು ಇದ್ದ ಹಾಗೆ ತೋರಿಸು.
ತೋರಿಸಿತು. ಬಿಳಿಯ ಮೇಲೆ ನೀಲಿ ಸಾಲು,
ಹೆಸರು, ಕೊನೆಗೆ ತಿದ್ದಿದ ದಿನ, ಗಾತ್ರ.
ಗೋಣಿಯ ಮೇಲೆ ತಾರ್ಲೆ ಹರವಿಟ್ಟ ಹಾಗೆ,
ಬೇಕಾದವರು ಎತ್ತಿ ಕಿವಿರು ನೋಡಬಹುದು.

ಅಧ್ಯಕ್ಷರು ಕನ್ನಡಕ ಏರಿಸಿದರು:
"ಇದೆಂತದೋ ಉಮಾಕಾಂತ,
ಅಂಗಿ ಹಾಕದೆ ಪೇಟೆಗೆ ಬಂದ ಹಾಗಿದೆಯಲ್ಲ.
ನನ್ನ ಫೋಟೋ ಎಲ್ಲಿ?"

ಮಧ್ಯಾಹ್ನ ಮೋತಿಬಾಯಿ ದುರ್ಗೇಕರ ಬಂದಳು,
ಒಣಮೀನಿನ ಬುಟ್ಟಿ ಬಾಗಿಲಾಚೆ ಇಳಿಸಿ.
ಅಕ್ಷರ ಬಾರದು, ಅಂಕಿ ಬರುತ್ತದೆ.
ಎಂಬತ್ತಾರು, ಅಲಿಗದ್ದಾ, ಎರಡನೇ ದೋಣಿ.
ಪರದೆಯ ಮೇಲೆ ಬೆರಳಿಟ್ಟು ಇಳಿದಳು:
ಒಂದು, ಹತ್ತು, ಹನ್ನೊಂದು, ಎರಡು.
ಬೆರಳು ನಿಂತಿತು.
"ಹನ್ನೊಂದಾದ ಮೇಲೆ ಎರಡೋ? ಯಾರು ಎಣಿಸಿದ್ದು ಮಾರಾಯ?"
"ಯಂತ್ರ, ಬಾಯಿ. ಅದು ಮೊದಲ ಅಂಕಿಯ ಮುಖ ನೋಡಿ ಸಾಲು ನಿಲ್ಲಿಸುತ್ತದೆ."
"ರೇಷನ್ ಅಂಗಡಿಯವನೂ ಹಾಗೇ," ಎಂದಳು.

ಪಕ್ಕದ ತಾರೀಖು ಯಾವುದೆಂದು ಕೇಳಿದಳು.
ಜುಲೈ ಒಂಬತ್ತು. ಎಲ್ಲಕ್ಕೂ ಜುಲೈ ಒಂಬತ್ತು.
ನಾನು ನಕಲು ಇಳಿಸಿದ ದಿನವಷ್ಟೇ ಅದಕ್ಕೆ ಗೊತ್ತು.
ಹೋದವರ, ಬಂದವರ, ಬಾರದವರ ಕಾಗದಕ್ಕೆಲ್ಲ
ಮೊನ್ನೆಯ ಅದೇ ಮಂಗಳವಾರ.
ಅವಳು ಏನೂ ಅನ್ನಲಿಲ್ಲ.
ಸೆರಗಿನಿಂದ ಪರದೆಯ ಧೂಳು ಒರೆಸಿದಳು.

ಒಳಗಿದ್ದದ್ದು ಒಂದೇ ಹಾಳೆ, ನಲವತ್ತೊಂದು ಕೆಬಿ.
ಪಾಲುಗಾರರ ಪಟ್ಟಿ. ಎಡಭಾಗ ಗೆದ್ದಲಿಗೆ,
ಬಲಭಾಗದಲ್ಲಿ ಹೆಬ್ಬೆಟ್ಟುಗಳು.
ಹೆಸರಿಲ್ಲದ ಏಳು ಹೆಬ್ಬೆಟ್ಟು.
ಅವಳ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ
ನಾಲ್ಕನೆಯದರ ಹತ್ತಿರ ಬಹಳ ಹೊತ್ತು.

"ಮೇಲೆ ಹೋಗುವುದು ಹೇಗೆ?"
ಎರಡು ಚುಕ್ಕಿ ತೋರಿಸಿದೆ. ತಾನೇ ಒತ್ತಿದಳು.
ದೋಣಿಯಿಂದ ಕೇರಿಗೆ, ಕೇರಿಯಿಂದ ವರ್ಷಕ್ಕೆ,
ವರ್ಷದಿಂದ ಎಲ್ಲ ವರ್ಷಗಳ ಪಟ್ಟಿಗೆ.
ಇನ್ನೊಮ್ಮೆ ಹುಡುಕಿದಳು, ಚುಕ್ಕಿಯಿಲ್ಲ.
"ಇಲ್ಲಿಂದ ಮೇಲೆ ದಾರಿಯಿಲ್ಲ ಬಾಯಿ."
"ಗೊತ್ತಾಯಿತು, ದಂಡೆ," ಎಂದಳು, ಬುಟ್ಟಿ ಎತ್ತಿದಳು.

ಮೌಸಿಗೆ ಇನ್ನೂ ಒಣಸಿಗಡಿಯ ವಾಸನೆ.
ಸಂಜೆ ಒಬ್ಬನೇ ಕೂತು ಹೆಸರು ಸರಿಪಡಿಸಿದೆ,
ಒಂದಂಕಿಯ ಹಿಂದೆಲ್ಲ ಸೊನ್ನೆ ಇಟ್ಟೆ:
ಸೊನ್ನೆ ಒಂದು, ಸೊನ್ನೆ ಮೂರು, ಸೊನ್ನೆ ನಾಲ್ಕು.
ಎಂಬತ್ತಾರರ ಅಲಿಗದ್ದಾದಲ್ಲಿ ಒಂದನ್ನು
ಮರೆತೆನೋ, ಬಿಟ್ಟೆನೋ.
ಪುಟ ಮತ್ತೆ ತೆರೆದಾಗ
ಹತ್ತೂ ದೋಣಿ ಸರಿಯಾಗಿ ಸಾಲು ಹಿಡಿದು ಬಂದಿದ್ದವು.
ಎಲ್ಲ ಬಂದಾದ ಮೇಲೆ, ಕಟ್ಟಕಡೆಗೆ,
ಎರಡು.